ಕುಳಿತು ನೋಡುವ ಮನೆ

ಸುರಪುರ ಶೈಲಿಯ ಚಿಕಣಿ ಚಿತ್ರವೊಂದು ಕೈಗೆ ಬಂದಾಗ ಎಲ್ಲರೂ ಮೊದಲು ಗೋಡೆ ಹುಡುಕುತ್ತಾರೆ. ನಾನು ಕೂರುವ ಜಾಗ ಹುಡುಕಿದೆ. ನಿಂತು ನೋಡಿದರೆ ಆ ಚಿತ್ರ ತನ್ನ ಬಂಗಾರವನ್ನಷ್ಟೇ ತೋರಿಸಿ ಸುಮ್ಮನಾಗುತ್ತದೆ. ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಮೊಳದಷ್ಟು ದೂರದಿಂದ ಕಣ್ಣು ಕೊಟ್ಟರೆ ಆಗ ಗೆರೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ: ಕೃಷ್ಣನ ರೆಪ್ಪೆಯ ಕೂದಲು, ಪೀತಾಂಬರದ ಮಡಿಕೆ, ಆ ಮಡಿಕೆಯ ಅಂಚಿನ ಜರಿ, ಜರಿಯೊಳಗಿನ ಚುಕ್ಕಿ. ನಮ್ಮ ಪಡಸಾಲೆಯನ್ನೂ ಊಟದ ಕೋಣೆಯನ್ನೂ ನಾನು ಸಜ್ಜುಗೊಳಿಸಿದ್ದು ಈ ಒಂದು ಮೊಳದ ಅಳತೆಯಿಂದ. ನಮ್ಮ ಸೀಮೆಯ ಒಳ್ಳೆಯ ವಸ್ತುಗಳೆಲ್ಲ ಹತ್ತಿರ ಕುಳಿತವರಿಗಾಗಿಯೇ ಹುಟ್ಟಿದವು ಎಂಬ ನಂಬಿಕೆ ನನ್ನದು. ಈ ಎರಡು ಕೋಣೆಗಳಲ್ಲಿ ಕಳೆಯುವ ಪ್ರತಿ ಸಂಜೆಯೂ ಆ ನಂಬಿಕೆಗೆ ಬೇರು ಇಳಿಸುತ್ತದೆ.

ರಂಗಂಪೇಟೆಯಲ್ಲಿ ಮನೆ ಇರುವವನಿಗೆ ಈ ಚಿತ್ರ ನೆರೆಮನೆಯ ಸಂಗತಿ. ಸುರಪುರಕ್ಕೆ ಅಂಟಿಕೊಂಡೇ ಬೆಳೆದ ಪೇಟೆ ನಮ್ಮದು. ಯಾವುದು ಎಲ್ಲಿ ಮುಗಿಯಿತೆಂದು ಹೊಸಬರಿಗೆ ತಿಳಿಯುವುದಿಲ್ಲ. 1705ರಲ್ಲಿ ಔರಂಗಜೇಬನ ಸೈನ್ಯ ವಾಗಣಗೇರಾ ಕೋಟೆಯನ್ನು ಮುತ್ತಿದ ಮೇಲೆ ಬೇಡ ನಾಯಕರ ರಾಜಧಾನಿ ಸುರಪುರದ ಬಂಡೆಗುಡ್ಡಗಳ ನಡುವೆ ನೆಲೆಗೊಂಡಿತು. ಕತ್ತಿಗೆ ಹೆಸರಾದ ಆ ಆಸ್ಥಾನ ಕುಂಚಕ್ಕೂ ಅನ್ನ ಹಾಕಿತು. ಒಂದು ಮಗ್ಗುಲಿಗೆ ವಿಜಾಪುರ, ಇನ್ನೊಂದು ಮಗ್ಗುಲಿಗೆ ಗೋಲ್ಕೊಂಡ, ಹೈದರಾಬಾದು. ಆ ದಖನಿ ದರಬಾರುಗಳ ನವುರು ಗೆರೆ, ನಮ್ಮ ವೇಣುಗೋಪಾಲನ ಮೇಲಿನ ಪ್ರೀತಿ, ಎರಡೂ ಒಂದೇ ಹಾಳೆಯ ಮೇಲೆ ಕೂಡಿದ್ದು ಇಲ್ಲಿ. 1841ರಿಂದ 1853ರವರೆಗೆ ಇಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ಗುಡ್ಡದ ಮೇಲೆ ಈಗಲೂ ಇದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಂತು ಪ್ರಾಣ ಕೊಟ್ಟ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ದೊರೆ ಹೋದ ಮೇಲೆ ಚಿತ್ರಕ್ಕೆ ಆಸರೆ ಹೋಯಿತು. ಆದರೆ ಗೆರೆ ಹೋಗಲಿಲ್ಲ. ನಮ್ಮ ಕಾಲದಲ್ಲಿ ಕಲಬುರಗಿಯ ವಿಜಯ ಹಾಗರಗುಂಡಗಿ ಅವರಂಥ ಕಲಾವಿದರು ಈ ಶೈಲಿಯನ್ನು ತಪಸ್ಸಿನಂತೆ ಹಿಡಿದು ಮತ್ತೆ ಉಸಿರಾಡಿಸಿದರು. ಅವರ ಹಾದಿಯಲ್ಲಿ ನಡೆದ ಕೈಯೊಂದು ಬರೆದ ವೇಣುಗೋಪಾಲ ನನ್ನ ಪಡಸಾಲೆಯಲ್ಲಿದ್ದಾನೆ.

ಆ ಚಿತ್ರದ ಮುಂದೆ ನಿಮ್ಮನ್ನು ಸ್ವಲ್ಪ ಹೊತ್ತು ಕೂಡಿಸಬೇಕು. ದೊಡ್ಡದೇನಲ್ಲ, ಎರಡು ಅಂಗೈಗಳನ್ನು ಜೋಡಿಸಿ ಹಿಡಿದರೆ ತುಂಬುವಷ್ಟು. ನಡುವೆ ಮಂಟಪ, ಮಂಟಪದ ಕಮಾನಿನಿಂದ ಇಳಿಬಿದ್ದ ಕೆಂಪು ಪರದೆ, ಅದರ ಕೆಳಗೆ ಕಾಲು ಹೆಣೆದು ನಿಂತ ಗೋಪಾಲ. ಎಡಕ್ಕೂ ಬಲಕ್ಕೂ ದನಗಳು ಮುಖ ಎತ್ತಿವೆ. ಕೆಂಪು ಇಲ್ಲಿ ಒಂದೇ ಕೆಂಪಲ್ಲ: ಪರದೆಯದು ಮಾಗಿದ ದಾಳಿಂಬೆಯ ಗಾಢ ಕೆಂಪು, ತುಟಿಯದು ಅದೇ ಬಣ್ಣದ ತೆಳ್ಳನೆಯ ನೆನಪು, ಅಂಗಾಲಿನದು ಇನ್ನೂ ತೆಳು. ಹಿಂದಿನವರು ಇಂಗಳೀಕ, ಹರದಾಳ, ದೀಪದ ಕಾಡಿಗೆ ಎಂದು ಅರೆದು ಅರೆದು ಮಾಡಿಕೊಳ್ಳುತ್ತಿದ್ದ ಬಣ್ಣಗಳ ಸಂಯಮ ಇದರಲ್ಲಿದೆ. ಯಾವ ಬಣ್ಣವೂ ಪಕ್ಕದ ಬಣ್ಣದ ಮೇಲೆ ಕೂಗುವುದಿಲ್ಲ.

ಇನ್ನು ಬಂಗಾರ. ತಂಜಾವೂರಿನ ಚಿತ್ರದಲ್ಲಿ ಬಂಗಾರ ದಪ್ಪಗೆ ಉಬ್ಬುತ್ತದೆ, ಗಾಜಿನ ಹರಳು ಹೊತ್ತು ಮೆರೆಯುತ್ತದೆ. ಮೈಸೂರಿನದರಲ್ಲಿ ಉಬ್ಬು ತೆಳ್ಳಗಾಗಿ ಮರ್ಯಾದೆ ಕಲಿಯುತ್ತದೆ. ಎರಡೂ ನನಗೆ ಇಷ್ಟ. ಎತ್ತರದ ಗೋಡೆಗೆ, ದೇವರ ಮನೆಗೆ ಅವು ಹೇಳಿ ಮಾಡಿಸಿದಂಥವು. ನನ್ನ ವೇಣುಗೋಪಾಲನ ಬಂಗಾರದ ಗುಣವೇ ಬೇರೆ. ಅದು ಗೆರೆಯ ಸೇವೆಗೆ ನಿಂತ ಬಂಗಾರ. ಕಿರೀಟದಲ್ಲಿ ಒಂದಿಷ್ಟು, ಕೊರಳಿನಲ್ಲಿ ಒಂದಿಷ್ಟು, ಮತ್ತೆ ಕಂಬಗಳ ಮೇಲಿನ ಬಳ್ಳಿಯಲ್ಲಿ ಕೂದಲೆಳೆಯಾಗಿ ಹರಿದು, ಚೌಕಟ್ಟಿನ ಹೂವಿನ ನಡುವೆ ಚುಕ್ಕಿಯಾಗಿ ನಿಂತು ಬಿಡುತ್ತದೆ. ಓರೆ ಬೆಳಕು ಬಿದ್ದಾಗ ಕಿರೀಟ ಹೊಳೆಯುತ್ತದೆ. ತಲೆ ತುಸು ವಾಲಿಸಿದರೆ ಕಿರೀಟ ಮಾಸಿ ಬಳ್ಳಿ ಹೊಳೆಯುತ್ತದೆ. ಒಂದೇ ಬಂಗಾರ, ಒಂದು ಕಡೆ ನುಣುಪಾದ ಕಲ್ಲಿನಿಂದ ತಿಕ್ಕಿ ಮಿರುಗಿಸಿದ್ದು, ಇನ್ನೊಂದು ಕಡೆ ತಿಕ್ಕದೆ ಬಿಟ್ಟದ್ದು. ಬಂಗಾರದೊಳಗೇ ನೆರಳು ಬೆಳಕು ಮಾಡುವ ಈ ಕುಶಲತೆಯನ್ನು ನೋಡುತ್ತ ಕುಳಿತರೆ ಚಹಾ ತಣ್ಣಗಾಗುತ್ತದೆ, ಹೊತ್ತು ಹೋದದ್ದು ತಿಳಿಯುವುದಿಲ್ಲ.

ಇಂಥ ಚಿತ್ರ ಆರಿಸುವಾಗ ನಾನು ಮೊದಲು ನೋಡುವುದು ಕಣ್ಣು. ರೆಪ್ಪೆಯ ಮೇಲ್ಗೆರೆಯನ್ನು ಕಲಾವಿದ ಒಂದೇ ಉಸಿರಿನಲ್ಲಿ ಎಳೆದಿರಬೇಕು. ನಡುವೆ ಕುಂಚ ಎತ್ತಿದ್ದರೆ ಅಲ್ಲಿ ಸಣ್ಣ ಗಂಟು ಕಾಣುತ್ತದೆ. ಆಮೇಲೆ ಬೆರಳು. ಕೊಳಲಿನ ಮೇಲಿನ ಬೆರಳಿಗೆ ಭಾರ ಇರಬೇಕು, ರಂಧ್ರ ಮುಚ್ಚಿದ ಬೆರಳು ಬೇರೆ, ಎತ್ತಿದ ಬೆರಳು ಬೇರೆ ಎಂದು ಕಾಣಬೇಕು. ಮೂರನೆಯದು ಖಾಲಿ ಜಾಗ. ಆಭರಣ, ಬಳ್ಳಿ, ಮಂಟಪ ಎಷ್ಟೇ ತುಂಬಿದ್ದರೂ ಕಣ್ಣಿಗೆ ಎಲ್ಲೋ ಒಂದು ಕಡೆ ಕೂರಲು ಬಯಲು ಬೇಕು. ನನ್ನ ಚಿತ್ರದಲ್ಲಿ ಅದು ಗೋಪಾಲನ ಹಿಂದಿನ ನೀಲಿ. ಒಂದು ಗೆರೆಯೂ ಇಲ್ಲದ, ಒಂದು ಚುಕ್ಕಿಯೂ ಇಲ್ಲದ ಆಳವಾದ ನೀಲಿ. ಅಷ್ಟು ಕೆಲಸ ಬಲ್ಲ ಕೈ ಅಲ್ಲಿ ಏನೂ ಮಾಡದೆ ತಡೆದು ನಿಂತಿತಲ್ಲ, ಆ ತಡೆದು ನಿಂತದ್ದಕ್ಕೇ ನಾನು ಸೋತೆ.

ಹೀಗೆ ಒಲಿದ ಚಿತ್ರವನ್ನು ಆಳೆತ್ತರಕ್ಕೆ ತೂಗುಹಾಕಿದರೆ ಅದಕ್ಕೆ ಅನ್ಯಾಯ. ಜಮಖಾನೆಯ ಮೇಲೆ ಕುಳಿತವರ ಕಣ್ಣಿಗೆ ನೇರವಾಗಿ, ಅಂದರೆ ನಿಂತವರ ಸೊಂಟಕ್ಕಿಂತ ತುಸು ಕೆಳಗೆ, ಅದನ್ನು ತೂಗಿದ್ದೇನೆ. ಮೊದಲ ಸಲ ಬಂದವರು ಇಷ್ಟು ಕೆಳಗೇಕೆ ಎಂದು ಬಗ್ಗುತ್ತಾರೆ. ಬಗ್ಗಿದವರು ಕೂರುತ್ತಾರೆ. ಕೂತವರು ಬೇಗ ಏಳುವುದಿಲ್ಲ. ನಮ್ಮ ಮನೆಯ ಹಿರಿಯರೊಬ್ಬರು ಒಮ್ಮೆ ಅದರ ಮುಂದೆ ಕನ್ನಡಕ ಸರಿಮಾಡಿಕೊಳ್ಳುತ್ತ, ‘ಇದನ್ನ ನಿಂತು ನೋಡಬ್ಯಾಡ್ರಿ, ನಿಂತ್ರ ಬರೇ ಬಂಗಾರ ಕಾಣ್ತದ, ಕುಂತ್ರ ಗೆರಿ ಕಾಣ್ತಾವ’ ಅಂದರು. ಪಡಸಾಲೆಯ ಉಳಿದೆಲ್ಲ ಏರ್ಪಾಟಿಗೆ ಆ ಮಾತೇ ಸೂತ್ರವಾಯಿತು.

ಬೆಳಕಿನ ವಿಚಾರದಲ್ಲಿ ನಮ್ಮ ಕಡೆ ಎಚ್ಚರ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು; ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದರೆ ನೆಲದ ಮೇಲೆ ಬಿಳಿ ತಗಡು ಹಾಸಿದಂತಿರುತ್ತದೆ. ನೀರಿನಲ್ಲಿ ಕಲಸಿದ ಬಣ್ಣಕ್ಕೆ ಅಂಥ ಬಿಸಿಲು ವೈರಿ. ಹಾಗಾಗಿ ಚಿತ್ರ ಇರುವುದು ಕಿಟಕಿ ಇರುವ ಗೋಡೆಯ ಪಕ್ಕದ ಗೋಡೆಗೆ, ಬೆಳಕು ನೇರ ಬೀಳದೆ ಸವರಿ ಹೋಗುವಂತೆ. ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ಮೌಂಟಿನ ಅಂತರ ಕೊಡಿಸಿದ್ದೇನೆ. ಗಾಜು ನೇರ ತಾಗಿದರೆ ಮಳೆಗಾಲದ ತೇವಕ್ಕೆ ಬಣ್ಣ ಅಂಟಿಕೊಳ್ಳುತ್ತದೆ. ಮೌಂಟು ಅಗಲ, ಕೆನೆಬಣ್ಣದ್ದು. ಚೌಕಟ್ಟು ಸಣ್ಣದು, ಹೊಳಪಿಲ್ಲದ ಕಡುಕಂದು ಕಟ್ಟಿಗೆ. ಚಿತ್ರದೊಳಗೆ ಬಂಗಾರ ಇರುವಾಗ ಚೌಕಟ್ಟಿಗೂ ಬಂಗಾರ ಬಳಿಸಿದರೆ ಎರಡೂ ಕೆಡುತ್ತವೆ.

ಗೋಡೆಗೆ ಸುಣ್ಣ. ಚೆನ್ನಾಗಿ ಅರಳಿಸಿ, ನೆನೆಸಿಟ್ಟು, ಸೋಸಿದ ಸುಣ್ಣವನ್ನು ತೆಳ್ಳಗೆ ಒಂದರ ಮೇಲೊಂದು ಬಳಿದರೆ ಬರುವ ಬಿಳುಪಿನ ಹದ ಬೇರೆ ಯಾವ ಬಣ್ಣಕ್ಕೂ ಬರುವುದಿಲ್ಲ. ಅದರ ಮೈಯಲ್ಲಿ ಕುಂಚದ ಜಾಡು ಉಳಿಯುತ್ತದೆ, ಅಲ್ಲಲ್ಲಿ ತುಸು ಮೋಡ ಕಟ್ಟಿದಂತಿರುತ್ತದೆ. ನೀಲಿ ಬೆರೆಸಲು ನಾನು ಬಿಡಲಿಲ್ಲ. ನೀಲಿ ಬೆರೆತ ಬಿಳುಪು ತಣ್ಣಗೆ ಕಣ್ಣು ಚುಚ್ಚುತ್ತದೆ, ಬರೀ ಸುಣ್ಣದ ಬಿಳುಪಿನಲ್ಲಿ ಹಾಲಿನ ಬಿಸುಪಿದೆ. ಆ ಬಿಳುಪಿನ ಮೇಲೆ ಒಂದೇ ಒಂದು ಚಿತ್ರ. ಉಳಿದ ಗೋಡೆಯೆಲ್ಲ ಖಾಲಿ. ಚಿತ್ರದೊಳಗಿನ ನೀಲಿ ಬಯಲಿಗೆ ಹೊರಗಿನ ಈ ಬಿಳಿ ಬಯಲು ಜೊತೆ ಕೊಡುತ್ತದೆ.

ಕೆಳಗೆ ನೆಲ. ನಮ್ಮ ಭಾಗದಲ್ಲಿ ನೆಲವೆಂದರೆ ಪರಸಿ ಕಲ್ಲು, ಪರಸಿಯೆಂದರೆ ಶಹಾಬಾದ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣಕಲ್ಲು ಅದು. ಅದಕ್ಕೇ ಹಲಗೆ ಹಲಗೆಯಾಗಿ ತಾನೇ ಬಿಚ್ಚಿಕೊಳ್ಳುತ್ತದೆ. ಈಗ ಅದಕ್ಕೆ ಕನ್ನಡಿಯಂಥ ಪಾಲಿಶ್ ಕೊಟ್ಟೂ ಮಾರುತ್ತಾರೆ. ನಾನು ಆರಿಸಿದ್ದು ಪದರ ಬಿಟ್ಟ ಹಾಗೇ ಇದ್ದ ಮೈಯನ್ನು, ಚೂಪು ಮಾತ್ರ ತಿಕ್ಕಿಸಿ. ಒದ್ದೆ ಬಟ್ಟೆಯಿಂದ ಒರೆಸಿದ ಗಳಿಗೆಯಲ್ಲಿ ಅದರ ಬೂದು ಬಣ್ಣದೊಳಗಿಂದ ಹಸಿರು ಏಳುತ್ತದೆ, ಇನ್ನೊಂದು ಕಲ್ಲಿನಿಂದ ಮಾಸಿದ ನೇರಳೆ, ಮತ್ತೊಂದರಿಂದ ಮಳೆ ಹೊತ್ತ ಮೋಡದ ಕಪ್ಪು. ಆರುತ್ತಿದ್ದಂತೆ ಎಲ್ಲ ಒಂದಾಗಿ ಮತ್ತೆ ಬೂದು. ಚೈತ್ರ ವೈಶಾಖದ ಮಧ್ಯಾಹ್ನ ಬರಿಗಾಲಿನಲ್ಲಿ ಹೊಸ್ತಿಲು ದಾಟಿ ಆ ಕಲ್ಲಿನ ಮೇಲೆ ಅಂಗಾಲು ಇಟ್ಟಾಗ ತಂಪು ಮೊಣಕಾಲಿನವರೆಗೆ ಏರಿ ಬರುತ್ತದೆ. ಬೇಸಿಗೆಯುದ್ದಕ್ಕೂ ನಮ್ಮ ಮನೆಯ ಅತ್ಯಂತ ಬೆಲೆಬಾಳುವ ಪೀಠೋಪಕರಣ ಈ ನೆಲವೇ. ಅದರ ಮೇಲೆ ಮಲಗಬಹುದು, ಕೂರಬಹುದು, ಕೆನ್ನೆ ಒತ್ತಬಹುದು.

ಕಲ್ಲಿನ ಮೇಲೆ ನವಲಗುಂದದ ಜಮಖಾನೆ. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹತ್ತಿಯ ನೂಲಿನಲ್ಲಿ ನೇಯುತ್ತಾರೆ. ಒಂದೊಂದು ಸಾಲು ಹೊಕ್ಕು ಹೋದ ಮೇಲೂ ಪಂಜಾ ಎಂಬ ಬಾಚಣಿಗೆಯಿಂದ ಬಡಿದು ಬಡಿದು ಕೂರಿಸುತ್ತಾರೆ. ಆ ಬಡಿತದ ಗಟ್ಟಿತನ ಕೈಗೆ ಸಿಗುತ್ತದೆ. ಅಂಚು ಹಿಡಿದು ಎತ್ತಿದರೆ ಮಡಚಿಕೊಳ್ಳದೆ ಸೆಟೆದು ನಿಲ್ಲುವಷ್ಟು ಬಿಗಿ. ನನ್ನದರಲ್ಲಿ ಕೆಂಪು, ಹಳದಿ, ಹಸಿರು, ಕಪ್ಪು. ನಡುವೆ ಚೌಕಗಳ ಆಟ, ಅಂಚಿನ ಕಡೆ ನವಿಲು. ನವಿಲಿನ ಕೊರಳು ಬಾಗಬೇಕಾದ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಏಕೆಂದರೆ ಈ ನೇಯ್ಗೆಗೆ ಬಾಗು ಗೊತ್ತಿಲ್ಲ, ನೇರ ಗೊತ್ತು. ಆ ಹಟಮಾರಿ ನೇರದೊಳಗೂ ನವಿಲು ನವಿಲಾಗಿಯೇ ಕಾಣುತ್ತದಲ್ಲ, ಆ ಸೊಗಸಿಗೆ ನಾನು ಮರುಳಾಗಿದ್ದೇನೆ. ಗೋಡೆಯ ಮೇಲೆ ಬಾಗಿ ಬಳುಕುವ ಗೆರೆ, ನೆಲದ ಮೇಲೆ ಮೆಟ್ಟಿಲಾಗಿ ಏರುವ ಗೆರೆ. ಎರಡರ ನಡುವೆ ಕುಳಿತವನಿಗೆ ಎರಡರದೂ ರುಚಿ ಹೆಚ್ಚು.

ಗೋಡೆಗುಂಟ ಗಾದಿ ಹಾಕಿದ್ದೇವೆ. ನೆಲದಿಂದ ಗೇಣು ಎತ್ತರ, ಅಷ್ಟೇ. ಅದರ ಮೇಲೆ ಕೌದಿ. ಹಳೆಯ ಸೀರೆ, ಕುಪ್ಪಸ, ಧೋತರಗಳ ತುಂಡುಗಳನ್ನು ಕೂಡಿಸಿ, ಹೊರಗಿನಿಂದ ಒಳಕ್ಕೆ ಚೌಕ ಚೌಕವಾಗಿ ಹೊಲಿಗೆ ಓಡಿಸಿದ ನಮ್ಮ ಮನೆಯ ಕೌದಿ. ತೊಳೆದು ತೊಳೆದು ಅದರ ಬಟ್ಟೆ ಮೆತ್ತಗಾಗಿದೆ, ಹೊಲಿಗೆಯ ಸಾಲುಗಳ ನಡುವೆ ಸಣ್ಣ ಸಣ್ಣ ಅಲೆ ಎದ್ದಿದೆ. ಇಳಕಲ್ಲಿನ ಹಳೆಯ ಸೀರೆಯ ಸೆರಗಿನ ಒಂದು ತುಂಡು ಅದರ ನಡುವೆ ಸಿಕ್ಕಿಕೊಂಡಿದೆ: ತೋಪುತೆನೆಯ ಬಿಳಿ ಮೊನೆಗಳು ಕೆಂಪಿನೊಳಗೆ ಹಲ್ಲಾಗಿ ಕೂತ ಆ ತುಂಡಿನ ಮೇಲೆ ಬೆರಳು ತಾನಾಗಿ ಹೋಗಿ ನಿಲ್ಲುತ್ತದೆ. ಒರಗುವ ದಿಂಬುಗಳಿಗೆ ಗುಳೇದಗುಡ್ಡದ ಖಣದ ಬಟ್ಟೆ ಹೊಲಿಸಿದೆವು. ಖಣದ ಸೊಗಸು ಅದರ ಸಣ್ಣತನದಲ್ಲಿದೆ. ದೂರದಿಂದ ಒಂದೇ ಬಣ್ಣ, ಹತ್ತಿರ ಬಂದರೆ ಒಳಗೆಲ್ಲ ಪುಟ್ಟ ಪುಟ್ಟ ಹೂವು. ಬೆಳಕಿಗೆ ಓರೆ ಹಿಡಿದರೆ ಹಸಿರು ದಿಂಬಿನೊಳಗಿಂದ ಕೆಂಪು ಇಣುಕುತ್ತದೆ, ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಆದದ್ದರಿಂದ. ಇದೂ ಮೊಳದ ಅಂತರದ ವಸ್ತುವೇ.

ಕಟ್ಟಿಗೆಯ ಕೆಲಸಕ್ಕೆ ನಮ್ಮಲ್ಲಿ ಬರ ಇಲ್ಲ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ವಿಶ್ವಕರ್ಮ ಕುಲದ ಸಂತ ಮೌನೇಶ್ವರರು ನೆಲೆಸಿದ ಸೀಮೆ ಇದು. ಬಡಿಗೇರರು, ಕಮ್ಮಾರರು, ಅಕ್ಕಸಾಲಿಗರು ಉಳಿ ಸುತ್ತಿಗೆ ಮುಟ್ಟುವಾಗ ನೆನೆಯುವ ಹೆಸರು ಅದು. ಹಳೆಯ ಮಾಳಿಗೆ ಮನೆಗಳನ್ನು ಬಿಚ್ಚಿದಾಗ ಸಿಗುವ ಸಾಗವಾನಿ ತೊಲೆ, ಬೇವಿನ ಜಂತಿಗಳನ್ನು ನಾನು ಹೊಸ ಕಟ್ಟಿಗೆಗಿಂತ ಹೆಚ್ಚು ಪ್ರೀತಿಯಿಂದ ಆರಿಸುತ್ತೇನೆ. ತಲೆಮಾರುಗಳ ಬಿಸಿಲು, ಮಳೆ, ಒಲೆಯ ಹೊಗೆ ಉಂಡು ಅವು ಒಣಗಬೇಕಾದಷ್ಟು ಒಣಗಿವೆ, ಬಾಗಬೇಕಾದಷ್ಟು ಬಾಗಿವೆ. ಇನ್ನು ಮೋಸ ಮಾಡುವುದಿಲ್ಲ. ಅಂಥದೊಂದು ತೊಲೆಯನ್ನು ಸೀಳಿಸಿ ಪಡಸಾಲೆಗೆ ಕಿರುಮೇಜು ಮಾಡಿಸಿದೆ. ಮೊಳೆ ಇಲ್ಲ, ಗೂಟ ಜೋಡಣೆ. ಹತ್ತರಿ ಹಿಡಿದು ಮೇಲ್ಮೈ ಸವರುತ್ತಿದ್ದಾಗ ಕಪ್ಪು ಸಿಪ್ಪೆಯ ಕೆಳಗಿಂದ ಜೇನು ಬಣ್ಣ ಎದ್ದು ಬಂತು, ಜೊತೆಗೆ ಸಾಗವಾನಿಯ ಆ ಎಣ್ಣೆ ಬೆರೆತ, ಸ್ವಲ್ಪ ಒಗರಾದ ವಾಸನೆ. ಹಳೆಯ ಮೊಳೆ ಇದ್ದ ಎರಡು ತೂತುಗಳನ್ನು ಮುಚ್ಚಿಸಲಿಲ್ಲ. ಅವುಗಳ ಸುತ್ತ ಕಬ್ಬಿಣದ ಕಪ್ಪು ಕಟ್ಟಿಗೆಯೊಳಗೆ ಇಳಿದು ಚಂದ್ರನ ಸುತ್ತ ಕಟ್ಟುವ ಕಣದ ಹಾಗೆ ಹರಡಿದೆ.

ಆ ಮೇಜಿನ ಮೇಲೆ ಒಂದೇ ವಸ್ತು: ಬೀದರಿನ ಹೂದಾನಿ. ಸತುವಿನಲ್ಲಿ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಮೈಗೆ ಮೈಲುತುತ್ತದ ಕಪ್ಪು ಹಚ್ಚಿ, ಅದರ ಮೇಲೆ ಕೈಯಿಂದಲೇ ಚಿತ್ರ ಗೀರಿ, ಉಳಿಯಿಂದ ಕೊರೆದು, ಕೊರೆದ ಕಾಲುವೆಯಲ್ಲಿ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು, ನವಸಾಗರ ಕಲಸಿ ಬಿಸಿ ಮೈಗೆ ಹಚ್ಚಿ ಉಜ್ಜುತ್ತಾರೆ. ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪಿಗೆ ಹೊಳಪಿಲ್ಲ, ಅದರಲ್ಲಿ ಆಳವಿದೆ. ಬೆಳಕನ್ನೆಲ್ಲ ಕುಡಿದು ಬೆಳ್ಳಿಗೆ ಮಾತ್ರ ಬಿಟ್ಟುಕೊಡುವ ಕಪ್ಪು. ಕಣ್ಣು ಮುಚ್ಚಿ ಅದರ ಹೊಟ್ಟೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿ: ಒಳ್ಳೆಯ ಕೆಲಸವಾದರೆ ಬೆಳ್ಳಿ ಎಲ್ಲಿ ಶುರು, ಲೋಹ ಎಲ್ಲಿ ಮುಗಿಯಿತು ಎಂದು ಹೆಬ್ಬೆರಳಿಗೆ ಸುಳಿವೇ ಸಿಗುವುದಿಲ್ಲ. ನಾನು ಬೀದರಿ ಕೊಳ್ಳುವುದು ಹೀಗೆ, ಹೆಬ್ಬೆರಳಿನಿಂದ. ಗೋಡೆಯ ಮೇಲೆ ಬಂಗಾರದ ಗೆರೆ, ಮೇಜಿನ ಮೇಲೆ ಬೆಳ್ಳಿಯ ಗೆರೆ. ಸಂಜೆ ದೀಪ ಹಚ್ಚಿದ ಕೂಡಲೇ ಎರಡೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ.

ಊಟದ ಕೋಣೆಗೆ ಬಂದರೆ ನನ್ನ ಲೆಕ್ಕ ಬದಲಾಗುತ್ತದೆ. ಇಲ್ಲಿ ಗೋಡೆಯ ಮೇಲೆ ಚಿತ್ರವೇ ಇಲ್ಲ. ಊಟದ ಹೊತ್ತಿನಲ್ಲಿ ಕಣ್ಣು ಗಂಗಾಳದಲ್ಲಿರಬೇಕು, ಎದುರಿಗೆ ಕುಳಿತವರ ಮುಖದ ಮೇಲಿರಬೇಕು. ಇಲ್ಲಿನ ಶೃಂಗಾರವೆಲ್ಲ ಕೈಯಲ್ಲಿ ಹಿಡಿದು ಬಳಸುವಂಥದ್ದು, ತಿಕ್ಕಿ ತೊಳೆದಷ್ಟೂ ಬೆಳಗುವಂಥದ್ದು.

ಗೋಡೆಯೊಳಗಿನ ಮಾಡಗಳಲ್ಲಿ ಪಾತ್ರೆಗಳನ್ನು ಜೋಡಿಸಿದ್ದೇವೆ: ಹಿತ್ತಾಳೆಯ ಚರಗಿ, ತಾಮ್ರದ ತಂಬಿಗೆ, ಕಂಚಿನ ಗಂಗಾಳ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಮೂರರ ಬಣ್ಣವೂ ಬೇರೆ: ತಾಮ್ರ ಸಂಜೆಯ ಕೆಂಪು, ಹಿತ್ತಾಳೆ ಅರಿಸಿನದ ನಗು, ಕಂಚು ಗಂಭೀರವಾದ ತಿಳಿಗಂದು. ಮೂರರಲ್ಲಿ ನನ್ನ ಪಕ್ಷಪಾತ ಕಂಚಿಗೆ. ಒಳ್ಳೆಯ ಗಂಗಾಳವನ್ನು ಅಂಗೈ ಮೇಲೆ ಕೂರಿಸಿ ಉಗುರಿನಿಂದ ಮೀಟಿದರೆ ನಾದ ಎದ್ದು, ಅಲೆಯಾಗಿ, ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ ಎಷ್ಟೋ ಹೊತ್ತು ಉಳಿಯುತ್ತದೆ. ನಾದ ಬೇಗ ಸತ್ತರೆ ಎಲ್ಲೋ ಬಿರುಕಿದೆ ಎಂದೇ ಅರ್ಥ. ಸಂತೆಯಲ್ಲಿ, ಹಳೆಯ ಪಾತ್ರೆ ಅಂಗಡಿಯಲ್ಲಿ ನಾನು ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಕೊಡುತ್ತೇನೆ. ಅಂಚು ನೋಡಬೇಕು, ಹೊರಕ್ಕೆ ತುಸು ಮಗುಚಿದ, ತುಟಿಗೆ ಮೆತ್ತಗಾದ ಅಂಚಿದ್ದರೆ ಮಾಡಿದವನು ಉಣ್ಣುವವನನ್ನು ನೆನೆದಿದ್ದ ಎಂದು ತಿಳಿಯಬೇಕು. ಹಿತ್ತಾಳೆಯ ಒಳಮೈಗೆ ಮಾತ್ರ ಕಲಾಯಿ ತಪ್ಪಿಸಬಾರದು, ನಮ್ಮ ಪುಂಡಿಪಲ್ಯದ ಹುಳಿ ಅದನ್ನು ಬಿಡುವುದಿಲ್ಲ.

ಕೂರಲು ಮಣೆ, ಗಂಗಾಳಕ್ಕೆ ಅಡ್ಡಣಿಗೆ. ಮೂರು ಕಾಲಿನ ಈ ಪುಟ್ಟ ಪೀಠ ನಮ್ಮ ಕಡೆಯ ಮನೆಗಳ ಅತ್ಯಂತ ಸುಂದರ ಆವಿಷ್ಕಾರ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಮೂರೇ ಕಾಲು, ಹಾಗಾಗಿ ಎಂಥ ಏರುಪೇರು ನೆಲದ ಮೇಲೂ ಅಲುಗುವುದಿಲ್ಲ. ಉಣ್ಣುವ ಗಂಗಾಳವನ್ನು ನೆಲದಿಂದ ಎತ್ತಿ ಎದೆಯ ಹತ್ತಿರ ತರುತ್ತದೆ. ಬೆನ್ನು ಬಾಗುವುದಿಲ್ಲ, ತುತ್ತು ದೂರ ಪಯಣಿಸುವುದಿಲ್ಲ. ಒಬ್ಬೊಬ್ಬರಿಗೂ ಅವರದೇ ಆದ ಮೇಜು, ಊಟ ಮುಗಿದ ಮೇಲೆ ಎತ್ತಿ ಮೂಲೆಗಿಟ್ಟರೆ ಕೋಣೆ ಮತ್ತೆ ಬಯಲು. ನನ್ನ ಬಳಿ ಇರುವುದು ಕಟ್ಟಿಗೆಯವು, ಕಾಲುಗಳನ್ನು ಕಡೆದು ಮಾಡಿದ್ದು. ಕಾಲಿನ ನಡುವೆ ಉಬ್ಬಿ, ಕೆಳಗೆ ಸಣ್ಣಗಾಗಿ, ನೆಲ ಮುಟ್ಟುವ ಕಡೆ ಮತ್ತೆ ಅರಳಿದ ಆ ತಿರುವಿನಲ್ಲಿ ಕೈ ಆಡಿಸಿದರೆ ಕಡೆದವನ ಲಯ ಸಿಗುತ್ತದೆ. ಮೊಣಕಾಲು ಒಪ್ಪದ ಹಿರಿಯರಿಗಾಗಿ ಗೋಡೆಗುಂಟ ಬೆಂಚು, ಅದರ ಮುಂದೆ ಉದ್ದನೆಯ ಮೇಜು ಇದೆ. ಅದೂ ಅದೇ ಹಳೆಯ ತೊಲೆಯ ಕಟ್ಟಿಗೆಯದು. ಮನೆಯ ಶೋಭೆ ಯಾರ ಮೊಣಕಾಲನ್ನೂ ನೋಯಿಸಬಾರದು.

ಮೇಜಿನ ಮೇಲೆ ನಡುಗುಂಟ ಹಾಸುವ ಪಟ್ಟಿಯೊಂದಿದೆ, ಕಪ್ಪು ಬಟ್ಟೆಯ ಮೇಲೆ ಕಸೂತಿ. ಗಂಟು ಹಾಕದೆ, ಬರೆದ ಗೆರೆಯ ಆಸರೆಯಿಲ್ಲದೆ, ಬಟ್ಟೆಯ ಎಳೆ ಎಣಿಸಿ ಹೊಲಿಯುವ ಕಲೆ. ಗಾವಂತಿ, ಮುರ್ಗಿ, ನೇಗಿ, ಹೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ನನ್ನ ಪಟ್ಟಿಯದು ಗಾವಂತಿ. ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು, ಬಿಟ್ಟ ಜಾಗ ತುಂಬುತ್ತದೆ. ತಿರುವಿ ಹಾಕಿದರೆ ಹಿಂಬದಿಯೂ ಮುಂಬದಿಯೂ ಒಂದೇ. ಗೋಪುರ, ತುಳಸಿಕಟ್ಟೆ, ಅಂಬಾರಿಯ ಆನೆ ಸಾಲುಗಟ್ಟಿವೆ. ಯಾರೂ ನೋಡದ ಬೆನ್ನಿಗೂ ಎದೆಯಷ್ಟೇ ಕೆಲಸ ಮಾಡಿದ ಆ ಕೈಗಳ ಎದುರು ನನ್ನ ತಲೆ ತಾನಾಗಿ ಬಾಗುತ್ತದೆ.

ಇಷ್ಟೆಲ್ಲ ಸಜ್ಜಾದ ಮೇಲೆ ಊಟ ಬರುತ್ತದೆ. ಕಂಚಿನ ಗಂಗಾಳದ ತಿಳಿಗಂದಿನ ಮೇಲೆ ಬಿಳಿಜೋಳದ ರೊಟ್ಟಿ, ಬಡಿದ ಬೆರಳುಗಳ ಗುರುತು ಇನ್ನೂ ಮೈಮೇಲಿರುವುದು, ಅಲ್ಲಲ್ಲಿ ಹಂಚಿನ ಕಂದು ಚುಕ್ಕಿ. ಒಂದು ಬದಿಗೆ ಪುಂಡಿಪಲ್ಯದ ಮಾಗಿದ ಹಸಿರು, ಅದರ ಪಕ್ಕ ಎಣ್ಣೆಗಾಯಿಯ ಮಿರುಗುವ ನೇರಳೆಗಪ್ಪು, ಶೇಂಗಾ ಹಿಂಡಿಯ ಇಟ್ಟಿಗೆಗೆಂಪು, ಕೆನೆಮೊಸರಿನ ಬಿಳುಪು, ಮೇಲೆ ಸುಟ್ಟ ಹಸಿಮೆಣಸಿನಕಾಯಿ. ಪಡಸಾಲೆಯ ಚಿತ್ರದಲ್ಲಿ ಕಂಡ ಬಣ್ಣಗಳೇ ಇವು: ಕೆಂಪಿನ ಪಕ್ಕ ಹಸಿರು, ಹಸಿರಿಗೆ ಅಂಟಿಕೊಂಡು ಕಪ್ಪು, ಎಲ್ಲದರ ನಡುವೆ ಉಸಿರಾಡಲು ಬಿಟ್ಟ ಬಯಲು. ಅಡ್ಡಣಿಗೆಯ ಮೇಲಿನ ಆ ಗಂಗಾಳ ಕಣ್ಣಿನಿಂದ ಎಷ್ಟು ದೂರ? ಮೊಳದಷ್ಟೇ. ಈ ನೆಲದಲ್ಲಿ ಬರೆದವರು, ನೇಯ್ದವರು, ಕಡೆದವರು, ರೊಟ್ಟಿ ಬಡಿದವರು ಎಲ್ಲರೂ ಒಂದೇ ಅಳತೆಗೋಲು ಹಿಡಿದಿದ್ದರು. ಕೈ ಚಾಚಿದರೆ ಸಿಗುವಷ್ಟು, ಕಣ್ಣು ಊರಿದರೆ ತುಂಬುವಷ್ಟು.

ಮನೆ ಕಟ್ಟುವವರು, ಇದ್ದ ಮನೆಯನ್ನೇ ಹೊಸದು ಮಾಡುವವರು ನನ್ನನ್ನು ಕೇಳುತ್ತಾರೆ, ಎಲ್ಲಿಂದ ಶುರು ಮಾಡಬೇಕೆಂದು. ನಾನು ಹೇಳುವ ಕ್ರಮ ಇದು. ಮೊದಲು ನೆಲ ಸರಿಮಾಡಿ, ಕೂರಲು ಆಸೆಯಾಗುವಂಥ ನೆಲ. ಗೋಡೆಗೆ ಸುಣ್ಣ ಕೊಡಿ, ಸಾಕಷ್ಟು ಖಾಲಿ ಬಿಡಿ. ಸೋಫಾ, ಶೋಕೇಸುಗಳಿಗೆ ಎತ್ತಿಟ್ಟ ಹಣದಲ್ಲಿ ಒಂದು ಪಾಲು ತೆಗೆದು ಸುರಪುರ ಶೈಲಿಯಲ್ಲಿ ಬರೆಯುವ ಕಲಾವಿದರ ಬಳಿ ಹೋಗಿ, ಅವಸರ ಮಾಡದೆ ಒಂದೇ ಒಂದು ಚಿತ್ರ ಬರೆಸಿ. ತಿಂಗಳುಗಳೇ ಹಿಡಿದರೂ ಹಿಡಿಯಲಿ, ಚೌಕಾಸಿ ಬೇಡ. ಅಳಿಲಿನ ಕೂದಲಿನ ಕುಂಚಕ್ಕೆ ಅವಸರ ಗೊತ್ತಿಲ್ಲ. ಅದನ್ನು ಕುಳಿತವರ ಕಣ್ಣಿನ ಎತ್ತರಕ್ಕೆ ತೂಗಿಹಾಕಿ. ಆಮೇಲೆ ಜಮಖಾನೆ ಯಾವುದು, ಕೌದಿ ಎಲ್ಲಿ, ಬೀದರಿ ಬೇಕೆ ಬೇಡವೆ ಎಂಬುದನ್ನೆಲ್ಲ ಆ ಚಿತ್ರವೇ ನಿಮಗೆ ಹೇಳಿಕೊಡುತ್ತದೆ. ಅದರ ಪಕ್ಕದಲ್ಲಿ ನಿಲ್ಲಲಾಗದ ವಸ್ತು ತಾನಾಗಿಯೇ ಮನೆಯಿಂದ ಹೊರಬೀಳುತ್ತದೆ. ಒಂದು ಚಿತ್ರ ಬರೆಸಿದರೆ ಒಬ್ಬ ಕಲಾವಿದನ ಹಲವು ತಿಂಗಳ ಬದುಕಿ­ಗೆ ಆಸರೆ, ಒಂದು ಜಮಖಾನೆ ಕೊಂಡರೆ ಒಂದು ಮಗ್ಗಕ್ಕೆ ಆಸರೆ. ನಾಯಕರ ಆಸ್ಥಾನ ಬಿಟ್ಟುಹೋದ ಆ ಹೊಣೆಯನ್ನು ಇಂದು ಹೊರಬಲ್ಲದ್ದು ನಿಮ್ಮ, ನಮ್ಮ ಪಡಸಾಲೆಗಳೇ, ಮತ್ತು ಇಷ್ಟು ಸುಖ ಕೊಡುವ ಹೊಣೆಯನ್ನು ನಾನು ಬೇರೆ ಕಂಡಿಲ್ಲ.